ಮೆರವಣಿಗೆ ಕಾರಿನ ಒದ್ದೆ ಡಿಕ್ಕಿ

ಮಳೆ ಬಂತೆಂದರೆ ಮೈಸೂರಿನ ಜನಕ್ಕೆ ಬಿಸಿ ಬೋಂಡದ ನೆನಪಾಗುತ್ತದೆ. ಮಂಟಯ್ಯನಿಗೆ ಮಾತ್ರ ಡಿಕ್ಕಿಯ ನೆನಪಾಗುತ್ತಿತ್ತು. ಕುವೆಂಪುನಗರದ ಒಂದು ಅಡ್ಡರಸ್ತೆಯಲ್ಲಿ, ಬೇಕರಿಗೂ ಪಂಕ್ಚರ್ ಅಂಗಡಿಗೂ ನಡುವೆ, ಅವನದೊಂದು ಸೀಟು ಹೊಲಿಯುವ ಅಂಗಡಿ. ಮಾಡಿನ ತಗಡಿನ ಮೇಲೆ ಮೊದಲ ಹನಿ ಟಪ್ಪೆಂದ ಕೂಡಲೇ ಕೈಯಲ್ಲಿದ್ದ ದಬ್ಬಣ ನಿಲ್ಲಿಸಿ, "ಓಯ್ತು, ಅಯ್ನೋರ ಡಿಕ್ಕಿ ತುಂಬ್ತು" ಎಂದು ಗೊಣಗುತ್ತಿದ್ದ. ಸ್ಕೂಟರಿನ ಸೀಟು ಬಿಚ್ಚಿಸಿಕೊಂಡು ಎದುರಿಗೆ ನಿಂತ ಗಿರಾಕಿಗೆ ಇದರ ತಲೆಬುಡ ತಿಳಿಯುತ್ತಿರಲಿಲ್ಲ. ತಿಳಿಯುವುದಾದರೂ ಹೇಗೆ? ಡಿಕ್ಕಿ ಎಂದರೆ ಸಾಮಾನು ತುಂಬುವ ಜಾಗ. ಅದರಲ್ಲಿ ನೀರು ತುಂಬುವ ಕಾರು ಇಡೀ ಊರಿಗೆ ಒಂದೇ ಒಂದಿತ್ತು.

ಅಯ್ನೋರು ಎಂದರೆ ಶಾಮಿಯಾನದ ಚನ್ನಬಸವಯ್ಯನವರು. ಮದುವೆಗೆ ಬೇಕಾದ ಚಪ್ಪರ, ಕುರ್ಚಿ, ಹಂಡೆ, ಕೊಳಗ ಎಲ್ಲ ಅವರಲ್ಲಿ ಬಾಡಿಗೆಗೆ ಸಿಗುತ್ತಿತ್ತು. ಮಠದ ಬಸವ ಜಯಂತಿಗೂ ಅವರದೇ ಚಪ್ಪರ. ಮನುಷ್ಯ ಬಾಯಲ್ಲಿ ಗುಡುಗು, ಒಳಗೆ ಬೆಣ್ಣೆ. ತೊಂಬತ್ನಾಲ್ಕರಲ್ಲಿ ಅವರು ಯಾವುದೋ ಹಳೇ ಬಂಗಲೆಯ ಹಿತ್ತಲಲ್ಲಿ ಬಿದ್ದಿದ್ದ ಟಾಪು ಮಡಚುವ ಕಾರೊಂದನ್ನು ಕೊಂಡು ತಂದರು. ಕೆನೆಯ ಬಣ್ಣದ ಉದ್ದನೆಯ ಕಾರು. ಟಾಪು ಹಿಂದಕ್ಕೆ ಮಡಚಿದರೆ ಗಂಡು ಹೆಣ್ಣನ್ನು ಊರಿಗೆಲ್ಲ ಕಾಣುವ ಹಾಗೆ ಕೂರಿಸಿಕೊಂಡು ಮೆರವಣಿಗೆ ಹೋಗಬಹುದು. ತೊಂದರೆಯೆಂದರೆ ಆ ಟಾಪನ್ನು ಇಲಿಗಳು ತಮ್ಮ ಮನೆ ಮಾಡಿಕೊಂಡು ತಿಂದು ಮುಗಿಸಿದ್ದವು. ಊರಿನ ಸೀಟು ಹೊಲಿಯುವವರೆಲ್ಲ ಬಂದು, ನೋಡಿ, ತಲೆ ಕೆರೆದುಕೊಂಡು ಹೋದರು.

ಒಪ್ಪಿಕೊಂಡವನು ಮಂಟಯ್ಯ ಒಬ್ಬನೇ. ಅವನು ನಂಜನಗೂಡು ಕಡೆಯ ಹಳ್ಳಿಯಿಂದ ಮೀಸೆ ಮೂಡುವ ವಯಸ್ಸಿನಲ್ಲಿ ಮೈಸೂರಿಗೆ ಬಂದು, ಟಾಂಗಾ ಟಾಪು ಹೊಲಿಯುತ್ತಿದ್ದ ಸೋದರಮಾವನ ಕೈಕೆಳಗೆ ಕೆಲಸ ಕಲಿತವನು. ಮೇಣ ಹಚ್ಚಿದ ದಾರ, ದಪ್ಪ ಕ್ಯಾನ್ವಾಸು, ಬಾಗಿದ ಕಬ್ಬಿಣದ ಕಮಾನು, ಇವು ಅವನಿಗೆ ಅಂಗೈಯಷ್ಟೇ ಪರಿಚಯ. ಟಾಂಗಾಗಳು ಕಡಿಮೆಯಾಗಿ, ಕುವೆಂಪುನಗರದ ತುಂಬ ಸ್ಕೂಟರು ಮೊಪೆಡ್ಡುಗಳಾದ ಮೇಲೆ ಅವನು ಸೀಟಿಗೆ ಇಳಿದಿದ್ದ. ಸೀಟು ಹೊಲಿಯುವುದು ಹೊಟ್ಟೆಪಾಡು. ಟಾಪು ಹೊಲಿಯುವುದೆಂದರೆ ಅವನ ಕೈ ತಾನಾಗಿಯೇ ಕುಣಿಯುತ್ತಿತ್ತು.

"ಟಾಂಗಾಕ್ಕೆ ಕುದುರೆ ಮುಂದಿರ್ತದೆ, ಇದಕ್ಕೆ ಒಳಗಿರ್ತದೆ. ಅಷ್ಟೇ ತಾನೇ ಅಯ್ನೋರೇ? ನಾನು ಒಲೀತೀನಿ ಬುಡಿ" ಎಂದ.

ಹೊಲಿದ. ಎಷ್ಟು ಅಚ್ಚುಕಟ್ಟಾಗಿ ಹೊಲಿದನೆಂದರೆ ಚನ್ನಬಸವಯ್ಯನವರು ಟಾಪಿನ ಮೇಲೆ ಕೈಯಾಡಿಸುತ್ತಾ ಸುತ್ತಲೂ ಓಡಾಡಿದರು. ಹಿಂದಿನ ಸೀಟಿಗೂ ಡಿಕ್ಕಿಗೂ ನಡುವೆ, ಟಾಪು ಮಡಚಿ ಕೂರುವ ಕಡೆ, ತಗಡಿನದೊಂದು ಕಾಲುವೆಯಿತ್ತು. ಸೂರಿಗೆ ಕಟ್ಟುವ ದೋಣಿಯ ಹಾಗೆ. ನೋಡಲು ಚೆನ್ನಾಗಿಲ್ಲವೆಂದು ಮಂಟಯ್ಯ ಅದರ ಮೇಲೆ ಹತ್ತಿ ತುಂಬಿದ ರೆಕ್ಸಿನ್ ಪಟ್ಟಿಯೊಂದನ್ನು ಹೊಲಿದು ಮುಚ್ಚಿದ. ಟಾಪಿನ ಬುಡ ಇಳಿಯುವುದಕ್ಕೆ ಬೆರಳಗಲದ ಸಂದು ಮಾತ್ರ ಬಿಟ್ಟ. ಕಾಲುವೆಯ ಎರಡು ತುದಿಯಿಂದ ಎರಡು ರಬ್ಬರ್ ಪೈಪು ಕೆಳಗೆಲ್ಲೋ ಇಳಿದಿದ್ದವು. ಟಾಂಗಾದಲ್ಲಿ ಇಂಥ ಪೈಪಿರುವುದಿಲ್ಲ. ಪೆಟ್ರೋಲಿನದೋ ಗಾಳಿಯದೋ ಇರಬೇಕು, ನಮಗ್ಯಾಕೆ ಉಸಾಬರಿ ಎಂದು ಸುಮ್ಮನಾದ.

ಕಾರನ್ನು ಮೊದಲ ಸಲ ಬೀದಿಗಿಳಿಸಿದ ದಿನ ಚನ್ನಬಸವಯ್ಯನವರು ಮಂಟಯ್ಯನನ್ನೂ, ಅಂಗಡಿಯಲ್ಲಿ ಆಡುತ್ತಿದ್ದ ಅವನ ಮಗಳು ಧರಣಿಯನ್ನೂ ಹತ್ತಿಸಿಕೊಂಡು ಒಂದು ಸುತ್ತು ಹೋದರು. ಸ್ಕೂಲಿನ ಲಂಗದಲ್ಲಿದ್ದ ಹುಡುಗಿ ಹಿಂದಿನ ಸೀಟಿನ ಮೇಲೆ ನಿಂತು, ಕಂಡಕಂಡವರಿಗೆಲ್ಲ ಕೈ ಬೀಸಿ, ಅಪ್ಪನ ಕಿವಿಯಲ್ಲಿ ಕಿರುಚಿದಳು:

"ಅಪ್ಪಾ, ನನ್ ಮದ್ವೇಗೂ ಇದೇ ಕಾರು ಕಣಪ್ಪಾ!"

"ಇದೇ ಕಾರು ಕಣವ್ವ. ನಂದೇ ಟಾಪು" ಎಂದ ಮಂಟಯ್ಯ.

ಮಕ್ಕಳಿಗೆ ಇಂಥ ಮಾತು ಎಲ್ಲರೂ ಕೊಡುತ್ತಾರೆ, ಮಕ್ಕಳೂ ಮರೆಯುತ್ತವೆ. ಆದರೆ ಮಂಟಯ್ಯ ಮರೆಯಲಿಲ್ಲ. ಅದಕ್ಕೆ ಕಾರಣವಿತ್ತು. ಅವನ ಮದುವೆ ಹಳ್ಳಿಯಲ್ಲೇ ಆಗಿತ್ತು. ಅವರ ಕೇರಿಯ ಗಂಡು ಹೆಣ್ಣು ಊರೊಳಗಿನ ಬೀದಿಯಲ್ಲಿ ಮೆರೆದು ಹೋಗುವುದು ಆಗ ಅಲ್ಲಿ ನಡೆಯುತ್ತಿರಲಿಲ್ಲ. ಬಾಸಿಂಗ ಕಟ್ಟಿಕೊಂಡ ಮಂಟಯ್ಯ, ತಲೆ ತಗ್ಗಿಸಿದ ಪುಟ್ಟಲಿಂಗಮ್ಮ, ಇಬ್ಬರೂ ಊರಾಚೆಯ ಕಾಲುವೆ ಏರಿಯ ಮೇಲೆ ಕೆಸರು ತುಳಿದುಕೊಂಡು ಮನೆ ಸೇರಿದ್ದರು. ಈ ವಿಷಯವನ್ನು ಅವನು ಮೈಸೂರಿನಲ್ಲಿ ಯಾರ ಮುಂದೆಯೂ ಆಡಿದವನಲ್ಲ. ಹೆಂಡತಿಯ ಮುಂದೆಯೂ ಆಡುತ್ತಿರಲಿಲ್ಲ. ಅವಳಿಗೆ ಗೊತ್ತೇ ಇತ್ತಲ್ಲ.

ಕಾರು ಹೆಸರು ಮಾಡಿತು. ಲಗ್ನದ ತಿಂಗಳುಗಳಲ್ಲಿ ಅದಕ್ಕೆ ಬಿಡುವೇ ಇಲ್ಲ. ಚನ್ನಬಸವಯ್ಯನವರು ಮೈಸೂರು ಪೇಟ ಕಟ್ಟಿಕೊಂಡು ತಾವೇ ಓಡಿಸುತ್ತಿದ್ದರು; ಬೇರೆ ಯಾರಿಗೂ ಸ್ಟೇರಿಂಗ್ ಮುಟ್ಟಲು ಬಿಡುತ್ತಿರಲಿಲ್ಲ. ಆದರೆ ಕೆಲವು ವರ್ಷ ಕಳೆದ ಮೇಲೆ ಮಳೆ ಬಂದಾಗಲೆಲ್ಲ ಡಿಕ್ಕಿಯ ಹಾಸು ಒದ್ದೆಯಾಗತೊಡಗಿತು. ಮಂಟಯ್ಯ ಬಂದು ಡಿಕ್ಕಿ ಬಾಗಿಲ ರಬ್ಬರ್ ಬದಲಾಯಿಸಿದ. ಮುಂದಿನ ಮಳೆಗಾಲ ಮತ್ತೆ ಒದ್ದೆ. ಹಿಂದಿನ ದೀಪಗಳ ಸುತ್ತ ರಬ್ಬರ್ ಸೊಲ್ಯೂಷನ್ ಬಳಿದ. ಮತ್ತೆ ಒದ್ದೆ. ತಗಡಿನ ಕೂಡು ಕೂಡಿಗೆ ಡಾಂಬರು ಮೆತ್ತಿದ. ಡಿಕ್ಕಿಯ ತಳದಲ್ಲಿ ಸಣ್ಣ ತೂತುಗಳಿದ್ದವು. ಚಕ್ರ ಎರಚಿದ ನೀರು ಅಲ್ಲಿಂದಲೇ ಮೇಲೆ ಬರುತ್ತಿರಬೇಕೆಂದು ಅವಕ್ಕೂ ಬಿರಡೆ ಹಾಕಿ ಡಾಂಬರು ಬಿಟ್ಟ. ಅಂದಿನಿಂದ ಶುರುವಾಯಿತು ನೋಡಿ ಅಸಲು ತಮಾಷೆ. ಅದುವರೆಗೆ ಒದ್ದೆಯಾಗುತ್ತಿದ್ದ ಡಿಕ್ಕಿ ಈಗ ತುಂಬತೊಡಗಿತು. ಕಾರು ತಿರುವಿನಲ್ಲಿ ತಿರುಗಿದರೆ ಒಳಗೆ ಗುಳುಗುಳು ಎನ್ನುತ್ತಿತ್ತು. ಜೊತೆಗೆ ಒಂದು ಹುಳಿ ನಾತ. ಇಲಿ ಸತ್ತಿದೆ ಎಂದು ಎಲ್ಲರೂ ಹುಡುಕಿದರು. ಇಲಿ ಸಿಗಲಿಲ್ಲ, ನಾತವೂ ಹೋಗಲಿಲ್ಲ.

ಎರಡು ಸಾವಿರದ ಆರನೇ ಇಸವಿಯ ಬೇಸಿಗೆಯ ಕೊನೆಗೆ ಆಗಬಾರದ್ದು ಆಯಿತು. ಒಂದು ಮದುವೆಯ ಹಿಂದಿನ ಸಂಜೆ ಹೆಣ್ಣಿನ ಕಡೆಯವರನ್ನು ಛತ್ರಕ್ಕೆ ಕರೆತರುವಾಗ ಯಾರೋ ಸೋದರಮಾವ ಬಟ್ಟೆಯ ಸೂಟ್‌ಕೇಸನ್ನು ಡಿಕ್ಕಿಗೆ ಹಾಕಿದ. ದಾರಿಯಲ್ಲಿ ಗುಡುಗು ಮಳೆ. ಛತ್ರದಲ್ಲಿ ಸೂಟ್‌ಕೇಸ್ ಬಿಚ್ಚಿದರೆ ಕೆಂಪು ರೇಷ್ಮೆಯ ಬಣ್ಣವೆಲ್ಲ ಇಳಿದು ಬೆಳಗಿನ ಧಾರೆ ಸೀರೆಗೆ ಹತ್ತಿತ್ತು. ಹೆಣ್ಣಿನ ತಾಯಿ ಛತ್ರದ ಬಾಗಿಲಲ್ಲೇ ನಿಂತು ಚನ್ನಬಸವಯ್ಯನವರಿಗೆ ಮಂಗಳಾರತಿ ಮಾಡಿದರು. ಪೇಟ ಕಟ್ಟಿದ ತಲೆ ಅಷ್ಟು ಜನರ ಎದುರು ತಗ್ಗಿತು. ಆ ಕಾರಿನ ಡಿಕ್ಕಿಯಲ್ಲಿ ಕೆರೆ ಇದೆಯಂತೆ ಎಂಬ ಸುದ್ದಿ ವಾರದೊಳಗೆ ಎಲ್ಲ ಛತ್ರಗಳಿಗೂ ಮುಟ್ಟಿತು.

"ಸಾಕಪ್ಪಾ ಮಂಟಯ್ಯ, ನಂಗೆ ಸಾಕಾಯ್ತು" ಎಂದರು ಚನ್ನಬಸವಯ್ಯನವರು. "ನಿನ್ನ ಹೊಲಿಗೇಲೇ ಎಲ್ಲೋ ಸೋರ್ತಿದೆ ಅಂತ ಮೆಕ್ಯಾನಿಕ್‌ಗಳೆಲ್ಲ ಹೇಳ್ತಾರೆ. ಬೆಂಗಳೂರಿನೋರೊಬ್ಬರು ಹಳೇ ಕಾರು ಇಟ್ಕೊಳ್ಳೋ ಶೋಕಿಯೋರು ಕೇಳ್ತಾವ್ರೆ. ಕೊಟ್ಟು ಕೈ ತೊಳ್ಕೋತೀನಿ. ಈಗ ಆಷಾಢ ಬರ್ತಿದೆ, ಆಷಾಢದಲ್ಲಿ ಗಾಡಿ ಕೈ ಬದಲಾಯಿಸಬಾರದು. ಕಳೀಲಿ ಅಂತ ಕಾಯ್ತಿದೀನಿ."

ಮಂಟಯ್ಯ ಮನಸ್ಸಿನಲ್ಲೇ ತಿಂಗಳು ಎಣಿಸಿದ. ಹೂಟಗಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಿದ್ದ ಧರಣಿಗೆ ಆಗಷ್ಟೇ ಗಂಡು ಗೊತ್ತಾಗಿತ್ತು. ಹುಡುಗ ಕಡಕೊಳದ ಶಿವರಾಮು, ಅಲ್ಲೇ ಕೈಗಾರಿಕಾ ಪ್ರದೇಶದಲ್ಲಿ ಫಿಟ್ಟರ್. ಮದುವೆ ಶ್ರಾವಣದಲ್ಲಿ. ಕಾರು ಹೋಗುವುದೂ ಶ್ರಾವಣದ ಮೊದಲಲ್ಲೇ. ಹೊಲಿಗೆಯ ಮೇಲೆ ಬಂದ ಅಪವಾದ ಒಂದು ಕಡೆ, ಮಗಳಿಗೆ ಕೊಟ್ಟ ಮಾತು ಇನ್ನೊಂದು ಕಡೆ. ಆದರೂ ಬಾಯಿ ಬಿಟ್ಟು "ನನ್ನ ಮಗಳ ಮದುವೆಯಿದೆ ಅಯ್ನೋರೇ" ಎನ್ನಲು ಅವನಿಗೆ ನಾಲಗೆ ಏಳಲಿಲ್ಲ. ಸೂಟ್‌ಕೇಸಿನ ಗಲಾಟೆಯ ಮೇಲೆ ಯಾವ ಮುಖದಿಂದ ಕೇಳುವುದು?

"ಆಸಾಡ ಮುಗ್ಯೋದ್ರೊಳಗೆ ಡಿಕ್ಕಿ ಒಣುಗಿಸ್ಕೊಡ್ತೀನಿ. ಆಮೇಲೆ ನಿಮ್ಮಿಷ್ಟ" ಎಂದಷ್ಟೇ ಹೇಳಿದ.

ಲಗ್ನವಿಲ್ಲದ ಕಾಲವಾದ್ದರಿಂದ ಕಾರು ಚನ್ನಬಸವಯ್ಯನವರ ಮನೆಯಂಗಳದಲ್ಲಿ ಸುಮ್ಮನೆ ನಿಂತಿತ್ತು. ಮಂಟಯ್ಯ ಡಿಕ್ಕಿ ಖಾಲಿ ಮಾಡಿ, ಒರೆಸಿ, ಒಣಗಿಸಿ, ಸ್ಟೆಪ್ನಿ ಟೈರು ಹೊರಗೆಸೆದು, ತಾನೇ ಒಳಗೆ ಮಲಗಿ ನೀರು ಬರುವ ದಾರಿ ನೋಡುವುದೆಂದು ತೀರ್ಮಾನಿಸಿದ. ಹನಿ ಎಲ್ಲಿಂದ ಜಾರಿತೆಂದು ಕಾಣಬೇಕಾದರೆ ತಗಡಿಗೆ ಏನಾದರೂ ನುಣ್ಣನೆಯ ಪುಡಿ ಬಳಿಯಬೇಕು. ಚನ್ನಬಸವಯ್ಯನವರ ಹೆಂಡತಿ ಸರ್ವಮಂಗಳಾ ಒಳಗೆ ಹೋಗಿ ವಿಭೂತಿ ಗಟ್ಟಿಗಳನ್ನು ಕುಟ್ಟಿ ತಟ್ಟೆಯ ತುಂಬ ತಂದರು.

"ಏನೇ ಇದು! ವಿಭೂತೀನ ಡಿಕ್ಕಿಗೆ ಬಳೀತಾರೇನೇ?" ಎಂದು ಗುಡುಗಿದರು ಯಜಮಾನರು.

"ದಿನಾ ನಿಮ್ಮ ಹಣೆಗೆ ಬಳೀತೀರಲ್ಲ, ಅದರೊಳಗೇನು ಚಿನ್ನ ಇದೆಯಾ? ನೀವು ಬಳ್ಕೊಳ್ಳಿ ಮಂಟಯ್ಯನೋರೇ" ಎಂದರು ಆಕೆ.

ಮಂಟಯ್ಯ ಒಳಗೆಲ್ಲ ವಿಭೂತಿ ಹೊಡೆದು, ಟಾರ್ಚು ಹಿಡಿದು, ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಡಿಕ್ಕಿಯಲ್ಲಿ ಮಲಗಿದ. ಬಾಗಿಲು ಮುಚ್ಚಿದರು. ಚನ್ನಬಸವಯ್ಯನವರು ಹೊರಗಿನಿಂದ ಪೈಪು ಹಿಡಿದು ಮೊದಲು ಡಿಕ್ಕಿ ಬಾಗಿಲ ಮೇಲೆ ನೀರು ಬಿಟ್ಟರು. ಒಳಗೆ ಒಂದು ಹನಿಯೂ ಇಲ್ಲ. ದೀಪಗಳ ಮೇಲೆ ಬಿಟ್ಟರು. ಇಲ್ಲ. ಚಕ್ರಗಳ ಕಡೆಯಿಂದ ಬಿಟ್ಟರು. ಇಲ್ಲ. ಆಮೇಲೆ ಟಾಪಿನ ಮೇಲೆ ಬಿಟ್ಟರು. ಸ್ವಲ್ಪ ಹೊತ್ತಿಗೆ ಸೀಟಿನ ಹಿಂಬದಿಯ ತಗಡಿನ ಮೇಲೆ, ಬೆಳ್ಳನೆಯ ವಿಭೂತಿಯ ನಡುವೆ, ಕಪ್ಪನೆಯ ಗೆರೆಯೊಂದು ಇಳಿಯಿತು. ಅದರ ಪಕ್ಕ ಇನ್ನೊಂದು. ನೋಡನೋಡುತ್ತಿದ್ದಂತೆ ಮೇಲಿನ ಅಂಚಿನುದ್ದಕ್ಕೂ ನೀರು ಉಕ್ಕಿ, ಮಂಟಯ್ಯನ ಕೊರಳೊಳಕ್ಕೇ ಇಳಿಯಿತು.

ಅಂದರೆ ನೀರು ಮೇಲಿನಿಂದ, ಟಾಪಿನ ಬುಡದಿಂದ ಬರುತ್ತಿದೆ. ಅಂದರೆ ತನ್ನ ಹೊಲಿಗೆಯಿಂದ. ಮಂಟಯ್ಯನಿಗೆ ಆ ಕತ್ತಲೆಯಲ್ಲಿ ಅಳು ಬಂದಂತಾಯಿತು. ಅಷ್ಟರಲ್ಲಿ ಹೊರಗೆ ಮೊಬೈಲು ಬಡಿದುಕೊಂಡಿತು. ಚನ್ನಬಸವಯ್ಯನವರ ಫೋನಿನ ಮಾತು ಬೀದಿಗೆಲ್ಲ ಕೇಳುವಂಥದ್ದು; ಡಿಕ್ಕಿಯೊಳಕ್ಕೆ ಕೇಳದಿರುತ್ತದೆಯೇ?

"ಹೌದು ಸಾರ್... ಭೀಮನ ಅಮಾವಾಸ್ಯೆ ಕಳೆದ ಮಾರನೇ ದಿನ ಬಂದುಬಿಡಿ... ಇಲ್ಲ ಇಲ್ಲ, ನಾನು ಮನಸ್ಸು ಮಾಡಿ ಆಯ್ತು."

ಮಾತಿನ ಜೊತೆಗೆ ಹೆಜ್ಜೆಯ ಸದ್ದೂ ಗೇಟಿನ ಕಡೆ ದೂರವಾಯಿತು. ಮಂಟಯ್ಯ ಒಳಗಿನಿಂದ ದಬದಬ ಬಡಿದ. ಯಾರೂ ಇಲ್ಲ. ಡಾಂಬರು, ಹುಳಿ ನಾತ, ಬೆನ್ನಿನ ಕೆಳಗೆ ನೀರು. ಕೊನೆಗೆ ಸರ್ವಮಂಗಳಾ ಬಟ್ಟೆ ಒಣಗಹಾಕಲು ಬಂದವರು ಸದ್ದು ಕೇಳಿ ಬಾಗಿಲು ತೆಗೆದರೆ, ತಲೆಯಿಂದ ಕಾಲಿನವರೆಗೆ ಬೂದಿಯಾದ ಮನುಷ್ಯ ಎದ್ದು ಕೂತ.

"ಅಯ್ಯೋ ಶಿವನೇ! ಮಠದಲ್ಲೂ ಇಷ್ಟು ವಿಭೂತಿ ಹಚ್ಚಿದೋರನ್ನ ನಾನು ನೋಡಿಲ್ಲ" ಎಂದು ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಮಂಟಯ್ಯ ಟಾಪಿನ ಬುಡದ ಹೊಲಿಗೆಯನ್ನೇ ನೋಡುತ್ತಾ ಡಿಕ್ಕಿಯಿಂದ ಇಳಿದ.

ಮಾರನೆಯ ದಿನದಿಂದ ಅವನು ಟಾಪಿನ ಬುಡದ ಹೊಲಿಗೆಯನ್ನು ಒಂದೊಂದೇ ಎಳೆ ಬಿಚ್ಚಿ ಪರೀಕ್ಷೆಗೆ ಕೂತ. ದಾರ ಹೇಗಿದ್ದದ್ದು ಹಾಗೇ ಇತ್ತು, ಕ್ಯಾನ್ವಾಸು ಗಟ್ಟಿಯಾಗಿತ್ತು. ಮತ್ತೆ ಹೊಲಿದು ನೀರು ಬಿಟ್ಟರೆ ಮತ್ತೆ ಡಿಕ್ಕಿಗೆ ನೀರು. ಆಷಾಢದ ಶುಕ್ರವಾರಗಳು ಒಂದೊಂದಾಗಿ ಕಳೆದವು. ಊರಿನ ಜನವೆಲ್ಲ ಬೆಟ್ಟ ಹತ್ತಿ ತಾಯಿಯ ದರ್ಶನ ಮಾಡಿ ಬಂದರು. ಮಂಟಯ್ಯ ಕಾರು ಬಿಟ್ಟು ಕದಲಲಿಲ್ಲ. ಊಟದ ನೆನಪೂ ಇಲ್ಲ. ಗಂಡ ಬರದಿದ್ದಾಗ ಪುಟ್ಟಲಿಂಗಮ್ಮನೇ ಒಂದು ಮಧ್ಯಾಹ್ನ ಮುದ್ದೆ ಸಾರಿನ ಡಬ್ಬಿ ಹಿಡಿದು ಅಲ್ಲಿಗೆ ಬಂದಳು. ಅವಳು ಹುಡುಗರ ಹಾಸ್ಟೆಲೊಂದರಲ್ಲಿ ಅಡುಗೆಯವಳು, ಮಾತು ಕಡಿಮೆ, ಮೂಗು ಚುರುಕು. ಕಾರಿನ ಹತ್ತಿರ ಬಂದವಳೇ ನಿಂತುಬಿಟ್ಟಳು.

"ಇದೇನಯ್ಯ, ಹಳಸಿದ ಗಂಜಿ ನಾತ?"

"ಇಲಿ ಸತ್ತದೆ ಕಣಮ್ಮಿ ಎಲ್ಲೋ."

"ಇಲಿ ಯಾವ್ದು ಗಂಜಿ ಯಾವ್ದು ನಂಗೊತ್ತಾಗಕಿಲ್ವ? ಹಂಡೇಲಿ ತಳ ಹಿಡ್ದಿರೋ ಅನ್ನ ನೆನೆಯಾಕಿ ಮರ್ತುಬುಟ್ರೆ ಇದೇ ನಾತ. ದಿನಾ ಉಜ್ಜೋಳು ನಾನು."

ಹಾಗೆಂದು ಡಬ್ಬಿ ಕೆಳಗಿಟ್ಟು, ಮೂಸುತ್ತಾ ಮೂಸುತ್ತಾ ಹಿಂದಿನ ಸೀಟಿನವರೆಗೂ ಹೋದಳು. ಮಂಟಯ್ಯ ಅಂದಕ್ಕೆಂದು ಹೊಲಿದಿದ್ದ ರೆಕ್ಸಿನ್ ಪಟ್ಟಿಯ ಸಂದಿಗೆ ಬೆರಳು ತೂರಿಸಿದಳು. ಬೆರಳು ಹೊರಗೆ ಬಂದಾಗ ಅದರ ತುದಿಗೆ ಹಳದಿ ಬಣ್ಣದ ಅಂಟು ಮೆತ್ತಿಕೊಂಡಿತ್ತು. ನಡುವೆ ಒಂದು ಚೆಂಡು ಹೂವಿನ ಎಸಳು, ಅರ್ಧ ಕರಗಿದ ಎರಡು ಅಕ್ಕಿ ಕಾಳು.

"ಅಕ್ಷತೆ ಕಣಯ್ಯ!" ಎಂದಳು.

ಮರುಗಳಿಗೆಯಲ್ಲಿ ಮಂಟಯ್ಯ ದಬ್ಬಣ ಹಾಕಿ ಆ ಪಟ್ಟಿಯನ್ನು ಒಂದೇ ಎಳೆತಕ್ಕೆ ಕಿತ್ತ. ಹನ್ನೆರಡು ವರ್ಷದಿಂದ ಆ ಕಾರಿನಲ್ಲಿ ಕೂತ ಗಂಡು ಹೆಣ್ಣುಗಳ ತಲೆಯ ಮೇಲೆ ಮೈಸೂರಿನ ಹಿರಿಯರು, ಮುತ್ತೈದೆಯರು, ನೆಂಟರು, ಇಷ್ಟರು ಎರಚಿದ ಅಕ್ಷತೆಯಷ್ಟೂ ಹಿಂದಕ್ಕೆ ಜಾರಿ, ಆ ಬೆರಳಗಲದ ಸಂದಿನಿಂದ ಇಳಿದು, ಕಾಲುವೆಯಲ್ಲಿ ಕೂತು, ಮಳೆಗೆ ನೆನೆದು, ಉಬ್ಬಿ, ಬೆಂದಂತಾಗಿ, ಬೇಸಿಗೆಗೆ ಒಣಗಿ, ಮತ್ತೆ ನೆನೆದು, ಆ ಎರಡೂ ಪೈಪುಗಳ ಬಾಯಿಗೆ ಗಾರೆಯ ಹಾಗೆ ಕಚ್ಚಿತ್ತು. ಪೈಪು ಪೆಟ್ರೋಲಿನದಲ್ಲ, ಗಾಳಿಯದಲ್ಲ. ಟಾಪಿನಿಂದ ಇಳಿದ ಮಳೆನೀರನ್ನು ಚಕ್ರದ ಬಳಿ ನೆಲಕ್ಕೆ ಬಿಡುವುದಕ್ಕೆಂದೇ ಕಾರು ಮಾಡಿದವನು ಇಟ್ಟದ್ದು. ಅದು ಕಟ್ಟಿಕೊಂಡಿದ್ದರಿಂದ ಕಾಲುವೆ ತುಂಬಿ ಡಿಕ್ಕಿಗೆ ಉಕ್ಕುತ್ತಿತ್ತು. ಡಿಕ್ಕಿಯಿಂದಾದರೂ ಹೊರಗೆ ಹೋಗೋಣವೆಂದರೆ ತಳದ ತೂತುಗಳಿಗೆ ಮಂಟಯ್ಯನೇ ಡಾಂಬರು ಮೆತ್ತಿದ್ದ.

"ಥೂ ನನ್ನ. ಬರೋ ದಾರಿ ಮುಚ್ತೀನಿ ಅಂತ ಓಗೋ ದಾರೀನೆಲ್ಲ ಮುಚ್ಕೊಂಡ್ ಕುಂತಿದ್ನಲ್ಲ" ಎಂದು ಹಣೆ ಚಚ್ಚಿಕೊಂಡ.

"ಕಟ್ಕೊಂಡ್ರೆ ನಾತ ಒಡೀದೆ ಇನ್ನೇನಾಯ್ತದೆ? ಮೊದ್ಲು ಮುದ್ದೆ ತಿನ್ನು, ಆರೋಯ್ತದೆ" ಎಂದಳು ಪುಟ್ಟಲಿಂಗಮ್ಮ.

ಅವನು ತಿನ್ನಲಿಲ್ಲ. ಸೈಕಲ್ಲಿನ ಕಡ್ಡಿ ತಂದು ಪೈಪು ಚುಚ್ಚಿ, ಪಂಕ್ಚರ್ ಅಂಗಡಿಯ ಪಂಪು ತಂದು ಗಾಳಿ ಹೊಡೆದ. ಮುದ್ದೆ ಮುದ್ದೆಯಾಗಿ ಹಳದಿ ಗಾರೆ ಹೊರಬಿತ್ತು. ಸರ್ವಮಂಗಳಾ ಕೊಡದಲ್ಲಿ ನೀರು ಹುಯ್ದರು. ಹಿಂದಿನ ಚಕ್ರಗಳ ಬುಡದಲ್ಲಿ ಎರಡು ಕಡೆಯೂ ನೀರು ಧೋ ಎಂದು ನೆಲಕ್ಕೆ ಇಳಿಯಿತು. ಡಿಕ್ಕಿಯೊಳಗಿನ ವಿಭೂತಿ ಬಳಿದದ್ದು ಬಳಿದ ಹಾಗೇ ಇತ್ತು. ಮಂಟಯ್ಯ ಅಂಗಳದಲ್ಲೇ ಕೂತು, ತಣ್ಣಗಾದ ಮುದ್ದೆಯನ್ನು ಹಬ್ಬದೂಟದ ಹಾಗೆ ತಿಂದ. ಅಷ್ಟು ಹೊತ್ತಿಗೆ ಪುಟ್ಟಲಿಂಗಮ್ಮ ಹಿತ್ತಲ ಕಟ್ಟೆಯ ಮೇಲೆ ಸರ್ವಮಂಗಳಾ ಅವರ ಜೊತೆ ಕಾಫಿ ಕುಡಿಯುತ್ತಾ ಕೂತಿದ್ದಳು. ಅಲ್ಲಿ ಏನು ಮಾತಾಯಿತೆಂದು ಮಂಟಯ್ಯನಿಗೆ ಗೊತ್ತಾಗಲಿಲ್ಲ.

ಮುಂದಿನ ದಿನಗಳಲ್ಲಿ ಅವನು ತಳದ ತೂತುಗಳ ಡಾಂಬರು ಕೆರೆದು ತೆಗೆದ. ಕಾಲುವೆಯ ಸಂದಿಗೆ ಸೊಳ್ಳೆಪರದೆಯ ಬಲೆಯಿಂದ ಉದ್ದನೆಯ ಪಟ್ಟಿ ಹೊಲಿದು ಟಿಚ್ ಬಟನ್ ಹಾಕಿದ. ನೀರು ಇಳಿಯಬೇಕು, ಅಕ್ಕಿ ಮೇಲೇ ನಿಲ್ಲಬೇಕು. ಮೆರವಣಿಗೆ ಮುಗಿದ ಮೇಲೆ ಬಿಚ್ಚಿ ಕೊಡವಿದರಾಯಿತು. ಮೂರು ದಿನ ಜಡಿಮಳೆ ಹಿಡಿಯಿತು. ಡಿಕ್ಕಿ ಒಣಒಣ. ಮಂಟಯ್ಯ ಖುಷಿಯಿಂದ ಬೆಂಕಿಕಡ್ಡಿ ಪೊಟ್ಟಣವೊಂದನ್ನು ಅದರೊಳಗೆ ಇಟ್ಟು, ಮಳೆ ನಿಂತ ಮೇಲೆ ತೆಗೆದು, ಗೀರಿ, ಚನ್ನಬಸವಯ್ಯನವರ ಮುಖದೆದುರು ಉರಿಸಿ ತೋರಿಸಿದ.

ಆದರೆ ಅವನು ಯೋಚಿಸದ ಸಂಗತಿಯೊಂದಿತ್ತು. ಸೋರುವ ಕಾರಿಗಿಂತ ಸೋರದ ಕಾರು ಬೇಗ ಮಾರಾಟವಾಗುತ್ತದೆ. ಅಮಾವಾಸ್ಯೆಯ ಮಾರನೇ ದಿನ ಬೆಂಗಳೂರಿನವರು ಬಂದರು. ಟಾಪು ಮಡಚಿದರು, ಬಿಚ್ಚಿದರು, ಹೊಲಿಗೆಯ ಮೇಲೆ ಬೆರಳು ಎಳೆದರು, ಡಿಕ್ಕಿಯೊಳಗೆ ತಲೆ ಹಾಕಿ ಮೂಸಿದರು.

"ಎಷ್ಟು ಚೆನ್ನಾಗಿ ಇಟ್ಕೊಂಡಿದ್ದೀರಿ! ಇವತ್ತೇ ತಗೊಂಡು ಹೋಗ್ತೀನಿ" ಎಂದರು.

ಮಂಟಯ್ಯ ಹಿಂದಿನ ಸೀಟಿನ ಬಳಿ ಬಲೆಯ ಬಟನ್ ಒತ್ತುತ್ತಾ ಕೂತಿದ್ದ. ಇದೆಂಥ ಕೆಲಸ ಮಾಡಿಕೊಂಡೆ, ಒಣಗಿಸಿ ಒಣಗಿಸಿ ಕೊಟ್ಟೇಬಿಟ್ಟೆನಲ್ಲ ಎಂದುಕೊಂಡ. ತಲೆ ಎತ್ತಲಿಲ್ಲ.

"ಇವತ್ತು ಆಗಲ್ಲ ಸಾರ್" ಎಂದರು ಚನ್ನಬಸವಯ್ಯನವರು. "ಇದೇ ಶ್ರಾವಣದಲ್ಲಿ ಒಂದು ಮದುವೆ ಒಪ್ಕೊಂಡಿದೀನಿ. ಅದಾಗೋವರೆಗೆ ಕಾರು ಈ ಅಂಗಳ ಬಿಟ್ಟು ಹೋಗಲ್ಲ. ಆಮೇಲೆ ನೋಡೋಣ."

"ಅಂಥಾ ದೊಡ್ಡ ಮದುವೆ ಯಾರದ್ದು?"

ಬಾಗಿಲಲ್ಲಿ ನಿಂತಿದ್ದ ಸರ್ವಮಂಗಳಾ ಹೇಳಿದರು: "ಮಂಟಯ್ಯನೋರ ಮಗಳದ್ದು."

ಮಂಟಯ್ಯ ಆಗ ತಲೆ ಎತ್ತಿದ. ಬಂದವರು ಹೋದ ಮೇಲೆ ಚನ್ನಬಸವಯ್ಯನವರು ಅವನ ಕಡೆ ತಿರುಗಿ ಗುಡುಗಿದರು:

"ಇಷ್ಟು ವರ್ಷ ನನ್ನ ಡಿಕ್ಕಿಯೊಳಗೆ ಮಲಗಿ ಎದ್ದಿದ್ದೀಯ. ಮಗಳ ಮದುವೆಗೆ ಕಾರು ಬೇಕು ಅಂತ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತಯ್ಯ ನಿಂಗೆ? ಹೆಂಗಸರ ಬಾಯಲ್ಲಿ ನಾನು ಕೇಳಬೇಕಾ?"

"ಎಂಗ್ ಕೇಳ್ಲಿ ಅಯ್ನೋರೇ" ಎಂದ ಮಂಟಯ್ಯ.

ಮದುವೆಯ ದಿನ ಅಶೋಕಪುರದಲ್ಲಿ ಮಂಟಯ್ಯನ ಮನೆಯಿದ್ದ ಬೀದಿಯಲ್ಲಿ ಜನ ಮನೆಯೊಳಗೆ ನಿಲ್ಲಲಿಲ್ಲ. ಕೆನೆಯ ಬಣ್ಣದ ಕಾರು, ಅದರ ತುಂಬ ಸುಗಂಧರಾಜ, ಸ್ಟೇರಿಂಗಿನ ಹಿಂದೆ ಪೇಟದ ಚನ್ನಬಸವಯ್ಯನವರು, ಹಿಂದೆ ಮಡಚಿದ ಟಾಪಿಗೆ ಒರಗಿ ಧರಣಿ ಮತ್ತು ಶಿವರಾಮು. ನಡುಬೀದಿಯಲ್ಲಿ, ವಾಲಗದ ಹಿಂದೆ, ಹೆಜ್ಜೆಹೆಜ್ಜೆಗೂ ನಿಂತು ನಿಂತು ಸಾಗಿತು. ಮುದುಕಿಯರು ಮಾಳಿಗೆ ಹತ್ತಿ ಅಕ್ಷತೆ ಎರಚಿದರು. ಧರಣಿ ಥೇಟು ಲಂಗದ ಹುಡುಗಿಯ ಹಾಗೆ ಕಂಡಕಂಡವರಿಗೆಲ್ಲ ಕೈ ಬೀಸಿದಳು. ಹೆಣ್ಣು ಹಾಗೆಲ್ಲ ಮಾಡಬಾರದೆಂದು ಯಾರೋ ಅತ್ತೆ ಗದರಿದರೂ ಬಿಡಲಿಲ್ಲ. ಮಂಟಯ್ಯ ಕಾರಿನ ಪಕ್ಕದಲ್ಲೇ ನಡೆಯುತ್ತಾ, ಮಗಳ ಮುಖ ಒಂದು ಸಲ, ಬಲೆಯ ಪಟ್ಟಿ ಒಂದು ಸಲ ನೋಡುತ್ತಿದ್ದ.

ಮೆರವಣಿಗೆ ಮುಗಿದು ಹೆಣ್ಣನ್ನು ಕಡಕೊಳಕ್ಕೆ ಕರೆದೊಯ್ಯುವಾಗ ಮಳೆ ಹೊಡೆಯಿತು. ಟಾಪು ಏರಿಸಿದರು. ಅಲ್ಲಿ ಮನೆ ತುಂಬಿಸಿಕೊಂಡ ಮೇಲೆ ಡಿಕ್ಕಿ ತೆಗೆದು ಸೂಟ್‌ಕೇಸ್ ಇಳಿಸಿದರು. ಪುಟ್ಟಲಿಂಗಮ್ಮ ಎಲ್ಲರೆದುರೇ ಅದನ್ನು ಬಿಚ್ಚಿ ಸೀರೆಗಳ ಮೇಲೆ ಅಂಗೈ ಒತ್ತಿದಳು. ಬೆಚ್ಚಗೆ ಒಣಗಿದ್ದವು. ಗಂಡನ ಕಡೆ ನೋಡಿ ತಲೆಯಾಡಿಸಿದಳು. ಮಗಳು ಅತ್ತಳು, ತಾಯಿ ಅತ್ತಳು, ಮಂಟಯ್ಯ ಮಾತ್ರ ಸ್ಟೆಪ್ನಿ ಟೈರಿನ ನಟ್ಟು ಬಿಗಿಯಾಗಿದೆಯೇ ಎಂದು ಬಹಳ ಹೊತ್ತು ನೋಡಿದ.

ಹೊರಡುವ ಹೊತ್ತಿಗೆ ಮಳೆ ನಿಂತು ಸಂಜೆಬಿಸಿಲು ಬಂದಿತ್ತು. ಗಂಡ ಹೆಂಡತಿ ಬಸ್ಸಿಗೆ ಹೋಗುವುದೆಂದು ರಸ್ತೆಯ ಕಡೆ ತಿರುಗಿದರು.

"ಎಲ್ಲಿಗೆ? ಖಾಲಿ ಕಾರು ಓಡಿಸ್ಕೊಂಡು ಹೋಗ್ಲಾ ನಾನು?" ಎಂದು ಚನ್ನಬಸವಯ್ಯನವರು ಟಾಪನ್ನು ಹಿಂದಕ್ಕೆ ಮಡಚಿದರು. "ಹತ್ತಿ. ಹಿಂದೆ ಕೂತ್ಕೊಳ್ಳಿ, ಇಬ್ಬರೂ."

"ನಾವ್ಯಾಕೆ ಅಯ್ನೋರೇ, ಮುಂದೆ ಒಂದು ಪಕ್ಕ..."

"ಹಿಂದೆ ಅಂದೆ!"

ಪುಟ್ಟಲಿಂಗಮ್ಮ ಸೆರಗು ಸರಿಮಾಡಿಕೊಂಡು ಮೊದಲು ಹತ್ತಿದಳು. ಮಂಟಯ್ಯ ಪಕ್ಕದಲ್ಲಿ ಮುದುಡಿ ಕೂತ. ಕಾರು ನಂಜನಗೂಡು ರಸ್ತೆಯಲ್ಲಿ ನಿಧಾನವಾಗಿ ಹೊರಟಿತು. ಬಾಡಿದ ಸುಗಂಧರಾಜ ಇನ್ನೂ ಗಮಗಮಿಸುತ್ತಿತ್ತು. ಬಸ್ಸಿಗೆ ಕಾದವರು ತಿರುಗಿ ನೋಡಿದರು. ತೆಂಗಿನಕಾಯಿ ಮಾರುವವನು ನೋಡಿದ. ನರೆತ ಗಂಡು, ನರೆತ ಹೆಣ್ಣು, ಮೆರವಣಿಗೆ ಕಾರು. ಕೆಲವರು ನಕ್ಕರು, ಒಬ್ಬ ಅಜ್ಜಿ ನಿಂತು ಕೈ ಮುಗಿದಳು. ಚನ್ನಬಸವಯ್ಯನವರು ಬಳಸುದಾರಿ ಹಿಡಿಯದೆ, ಬೇಕೆಂದೇ ಅಂಗಡಿಗಳಿರುವ ದೊಡ್ಡ ಬೀದಿಯಲ್ಲೇ ಓಡಿಸಿದರು. ಆಗ ಮಂಟಯ್ಯನಿಗೆ ಕಾಲುವೆ ಏರಿಯ ಕೆಸರು ನೆನಪಾಯಿತು. ಬೆಳಗಿನಿಂದ ಹಿಡಿದಿಟ್ಟದ್ದು ತಡೆಯಲಾರದೆ ಬಂದುಬಿಟ್ಟಿತು. ಹೆಗಲ ಟವೆಲು ಮುಖಕ್ಕೆ ಒತ್ತಿಕೊಂಡ.

"ಬುಡಯ್ಯ, ಒರಕ್ಕೋಗ್ಲಿ" ಎಂದಳು ಪುಟ್ಟಲಿಂಗಮ್ಮ. ಅವಳ ಕಣ್ಣೂ ನೆಟ್ಟಗಿರಲಿಲ್ಲ. "ಕಟ್ಕೊಂಡ್ರೆ ಏನಾಯ್ತದೆ ಅಂತ ನಿಂಗ್ ಗೊತ್ತಲ್ಲ."

ಅಳುತ್ತಲೇ ಅವನಿಗೆ ನಗು ಬಂತು. ಪುಟ್ಟಲಿಂಗಮ್ಮ ಹಿಂದಕ್ಕೆ ಕೈ ಚಾಚಿ, ಬಲೆಯ ಪಟ್ಟಿಯ ಮೇಲೆ ರಾಶಿಯಾಗಿ ನಿಂತಿದ್ದ ಮಗಳ ಮದುವೆಯ ಹಳದಿ ಅಕ್ಕಿಯನ್ನು ಒಂದು ಹಿಡಿ ತೆಗೆದು ಗಂಡನ ತಲೆಯ ಮೇಲೆ ಸುರಿದಳು. ಉಳಿದದ್ದನ್ನು ತನ್ನ ತಲೆಗೆ ಹಾಕಿಕೊಂಡಳು.

"ಏಯ್! ಪೈಪಿಗೋಯ್ತದೆ ಕಣಮ್ಮೀ!" ಎಂದು ಕೂಗಿ ಮಂಟಯ್ಯ ಅವಳ ಕೈ ಹಿಡಿದ. ಹಿಡಿದದ್ದು ಬಿಡಲಿಲ್ಲ. ಚನ್ನಬಸವಯ್ಯನವರು ಹಿಂದೆ ತಿರುಗಿ ನೋಡದೆ ಹಾರನ್ ಒತ್ತಿದರು.

ಬೆಂಗಳೂರಿನವರು ಆಮೇಲೆ ಎಷ್ಟೋ ಸಲ ಫೋನು ಮಾಡಿದರು. ನೋಡೋಣ ಸಾರ್ ಎಂದು ಚನ್ನಬಸವಯ್ಯನವರು ಪ್ರತಿ ಸಲವೂ ಹೇಳಿದರು. ಕಾರು ಅದೇ ಅಂಗಳದಲ್ಲಿದೆ. ಪ್ರತಿ ಮದುವೆಯ ಮರುದಿನ ಬೆಳಿಗ್ಗೆ ಮಂಟಯ್ಯ ಹೋಗಿ ಬಲೆ ಬಿಚ್ಚಿ, ಅಕ್ಷತೆಯನ್ನು ಗುಬ್ಬಿಗಳಿಗೆ ಕೊಡವಿ, ಒಂದು ಚೊಂಬು ನೀರು ಹುಯ್ದು, ಅದು ಚಕ್ರದ ಬುಡದಲ್ಲಿ ಹೊರಗೆ ಬರುವವರೆಗೆ ಕೂತು ನೋಡಿ ಬರುತ್ತಾನೆ.